ಊಟ ಆದ ತಕ್ಷಣ ಟಾಯ್ಲೆಟ್‌ಗೆ ಹೋಗುವ ವಿದ್ಯಾರ್ಥಿನಿ, ಆದರೆ ತೂಕ ಸರಿಯಾಗಿದೆ. ಕೌನ್ಸೆಲರ್ ಆಗಿ ಕಾದು ನೋಡಲಾ, ಮನೆಗೆ ಹೇಳಲಾ?

ಕಾದು ನೋಡಿದವಳು ನಾನು.

ಬೆಂಗಳೂರಿನ ಒಂದು ಹೈಸ್ಕೂಲಿನಲ್ಲಿ ಕೌನ್ಸೆಲರ್ ಆಗಿ ನನ್ನ ಎರಡನೇ ವರ್ಷ ಅದು. ಈಟಿಂಗ್ ಡಿಸಾರ್ಡರ್ (ಊಟ, ತೂಕದ ಸುತ್ತಲಿನ ಮಾನಸಿಕ ಕಾಯಿಲೆ) ಅಂದರೆ ನನ್ನ ತಲೆಯಲ್ಲಿ ಇದ್ದದ್ದು ಪಠ್ಯಪುಸ್ತಕದ ಒಂದು ಫೋಟೋ, ಮೂಳೆ ಚಕ್ಕಳದ ವಿದೇಶಿ ಹುಡುಗಿಯದ್ದು. ಒಂಬತ್ತನೇ ಕ್ಲಾಸಿನ ಈ ಹುಡುಗಿ ಹಾಗಿರಲಿಲ್ಲ. ಕೆನ್ನೆ ತುಂಬಿಕೊಂಡಿತ್ತು, ಡಬ್ಬಿಯ ಚಿತ್ರಾನ್ನ ಒಂದಗುಳು ಬಿಡುತ್ತಿರಲಿಲ್ಲ. ಕ್ಲಾಸ್ ಟೀಚರ್ ಅನುಮಾನ ಬಂದು ಕಳಿಸಿದರೆ ನಾನು ಮಾಡಿದ್ದೇನು ಗೊತ್ತಾ? ಪಿ.ಟಿ. ರೂಮಿನ ತೂಕದ ಮೆಷಿನ್ ಮೇಲೆ ನಿಲ್ಲಿಸಿದೆ. 52 ಕೆ.ಜಿ. "ನಾರ್ಮಲ್ ಇದೀಯಲ್ಲಮ್ಮಾ" ಅಂದು ಕಳಿಸಿಬಿಟ್ಟೆ.

ಅವಳಿಗಿದ್ದದ್ದು ಬುಲಿಮಿಯಾ, ಸಿಕ್ಕಾಪಟ್ಟೆ ತಿಂದು ಆಮೇಲೆ ಸಾಮಾನ್ಯವಾಗಿ ಬೇಕಂತಲೇ ವಾಂತಿ ಮಾಡುವ ಕಾಯಿಲೆ. ಅದರಲ್ಲಿ ತೂಕ ಎಷ್ಟೋ ಸಲ ಸರಿಯಾಗೇ ಇರುತ್ತದೆ. ಆ ತುಂಬಿದ ಕೆನ್ನೆಯೂ ಆರೋಗ್ಯವಲ್ಲ, ಪದೇ ಪದೇ ವಾಂತಿ ಮಾಡಿದರೆ ಕಿವಿ ಕೆಳಗಿನ ಜೊಲ್ಲಿನ ಗ್ರಂಥಿ ಊದಿಕೊಳ್ಳುತ್ತದೆ. ಬಲಗೈ ಬೆರಳಿನ ಗೆಣ್ಣಿನ ಮೇಲೆ ಒರಟು ಕಲೆ ಇತ್ತು. ಕೇಳಿದೆ. "ಥ್ರೋಬಾಲ್ ಆಡುವಾಗ ಆಯ್ತು ಮ್ಯಾಮ್" ಅಂದಳು, ಹಾಗೇ ಬರೆದುಕೊಂಡೆ! ಗಂಟಲಿಗೆ ಬೆರಳು ಹಾಕುವಾಗ ಹಲ್ಲು ತಾಗಿ ತಾಗಿ ಆದದ್ದು ಅದು. ಬುಲಿಮಿಯಾಕ್ಕೆ ಹೆಸರಿಟ್ಟ ಲಂಡನ್ನಿನ ಡಾಕ್ಟರ್ ರಸೆಲ್ 1979ರಲ್ಲೇ ಇದನ್ನು ಬರೆದಿದ್ದಾರೆ, ನಾನು ಓದಿರಲಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು, ಅವಳ ಕೈಗೆ 52 ಅನ್ನುವ ಒಂದು ನಂಬರ್ ಕೊಟ್ಟೆ. ಅವತ್ತಿಂದ 48ಕ್ಕೆ ಇಳಿಸಲೇಬೇಕು ಅಂತ ಹಟ ಬಂತಂತೆ, ಆಮೇಲೆ ಅವಳೇ ಹೇಳಿದ್ದು.

ಆರು ವಾರ ಕಳೆದಿರಬೇಕು, ಅಸೆಂಬ್ಲಿಯಲ್ಲಿ ನಾಡಗೀತೆ ಮುಗಿಯುವ ಮೊದಲೇ ಬಿದ್ದಳು. ವಾಂತಿ ಮಾಡಿ ಮಾಡಿ ರಕ್ತದಲ್ಲಿ ಪೊಟ್ಯಾಸಿಯಂ ತೀರಾ ಇಳಿದಿತ್ತು. ಹೃದಯದ ಬಡಿತವೇ ಏರುಪೇರಾಗಬಹುದಿತ್ತು ಅಂದರು ಡಾಕ್ಟರ್.

ಹಾಗಾಗಿ ಕಾಯಲಾ, ಹೇಳಲಾ ಅನ್ನುವ ಪ್ರಶ್ನೆಯೇ ಸರಿಯಿಲ್ಲ. ನಾವು ರೂಮಿನಲ್ಲಿ ಕೂರಿಸಿಕೊಂಡು ಮಾತಾಡಿ ವಾಸಿ ಮಾಡುವ ಕೇಸಲ್ಲ ಇದು. ನಿಮ್ಮ ವಿದ್ಯಾರ್ಥಿನಿಗೆ ಮೊದಲೇ ತಿಳಿಸಿ, ಈ ವಾರವೇ ಅಪ್ಪ ಅಮ್ಮನನ್ನು ಕರೆಸಿ. ರಕ್ತ ಪರೀಕ್ಷೆ, ಇಸಿಜಿ ಆಗಲಿ. ನಿಮ್ಹಾನ್ಸ್‌ಗೋ ಹತ್ತಿರದ ಸೈಕಿಯಾಟ್ರಿಸ್ಟ್ ಹತ್ತಿರವೋ ಕಳಿಸಿ, ಎಲ್ಲಿಗೆ ಅಂತ ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಅವಳ ಅಮ್ಮ "ಚೆನ್ನಾಗೇ ಉಣ್ತಾಳಲ್ಲ, ಏನಾಗಿದೆ ಇವಳಿಗೆ" ಅಂದರೆ ರೇಗಬೇಡಿ. ನಾನೂ ಅದನ್ನೇ ಹೇಳಿದ್ದು, ಇಂಗ್ಲಿಷಿನಲ್ಲಿ ಅಷ್ಟೇ. ಮತ್ತೆ ದಯವಿಟ್ಟು ನೀವೇ ತೂಕ ನೋಡಲು ಹೋಗಬೇಡಿ, ಅದು ಡಾಕ್ಟರ್ ಕೆಲಸ.

ಆ ಹುಡುಗಿ ಈಗ ಪಿಯುಸಿಯಲ್ಲಿದ್ದಾಳೆ, ಟ್ರೀಟ್‌ಮೆಂಟ್ ನಡೀತಿದೆ. ನನ್ನ ಹತ್ತಿರ ಮಾತಾಡುವುದಿಲ್ಲ.