ಅಕ್ವೇರಿಯಂ ಓವರ್‌ಫ್ಲೋ ಪೈಪು ರಾತ್ರಿಯಿಡೀ ಗೊಳಗೊಳ ಶಬ್ದ, ನಿಲ್ಲಿಸ್ಲಿಕ್ಕೆ ಎಂತ ಮಾಡುದು?

ನಾಲ್ಕಡಿ ಟ್ಯಾಂಕ್, ಓವರ್‌ಫ್ಲೋ ಬಾಕ್ಸಲ್ಲಿ (ಟ್ಯಾಂಕಿನ ಮೇಲಿನ ನೀರು ತುಂಬಿ ಬೀಳುವ ಗೂಡು) ಎರಡು ತೂತು, ಒಂದ್ರಲ್ಲಿ ನೀರು ಅಡಿಯ ಸಂಪಿಗೆ ಇಳಿಯುದು ಇನ್ನೊಂದ್ರಲ್ಲಿ ಪಂಪಿಂದ ಮೇಲೆ ಬರುದು, ಇಳಿಯುವ ಪೈಪಿಗೆ ವಾಲ್ವ್ ಹಾಕಿ ಸ್ವಲ್ಪ ಬಿಗಿ ಮಾಡಿದ್ರೆ ಶಬ್ದ ನಿಲ್ತದಾ ಅಂತ ಕೇಳಿದ್ದೀರಿ. ನಿಲ್ತದೆ. ಆದ್ರೆ ಬೇಡ ಮಾರಾಯ್ರೆ, ಇಳಿಯುವ ಪೈಪು ಒಂದೇ ಇರುವಾಗ ಅದೊಂದು ಮಾತ್ರ ಮಾಡ್ಬೇಡಿ. ನಾನು ಮಾಡಿದ್ದೆ.

ಮಂಗಳೂರಿನ ಬಿಜೈಯಲ್ಲಿ ನಮ್ದು ಮೂರನೇ ಮಾಳಿಗೆಯ ಫ್ಲ್ಯಾಟ್. ಉಡುಪಿಯಿಂದ ಬಂದ ಅತ್ತೆ ರಾತ್ರಿ ಎರಡು ಸಲ ಎದ್ದು ಬಾತ್‌ರೂಮಿನ ನಳ್ಳಿ ಬಂದ್ ಉಂಟಾ ಅಂತ ನೋಡಿ ಬಂದ್ರು. ಮರುದಿನವೇ ನಾನು ಬಾಲ್ ವಾಲ್ವ್ ಹಾಕಿ ಅರ್ಧ ತಿರುಗಿಸಿದೆ, ಮೂರು ದಿನ ಸ್ವರ್ಗ. ನಾಲ್ಕನೇ ದಿನ ಒಂದು ಬಸವನಹುಳು ಪೈಪಿನೊಳಗೆ ಇಳಿದು ವಾಲ್ವಿನ ಸಂದಿಯಲ್ಲಿ ಕೂತುಬಿಟ್ಟಿತು, ನೀರು ಕೆಳಗೆ ಹೋಗ್ಲಿಕ್ಕೆ ದಾರಿ ಇಲ್ಲ, ಪಂಪ್ ಮಾತ್ರ ಪಾಪ ಮೇಲೆ ಕಳಿಸ್ತಾನೇ ಇತ್ತು, ಬೆಳಿಗ್ಗೆ ಕೆಳಗಿನ ಮನೆಯವ್ರು ಬಂದು ಬೆಲ್ ಮಾಡಿದಾಗ್ಲೇ ನಮಗೆ ಗೊತ್ತಾದದ್ದು.

ಶಬ್ದ ನೀರಿಂದಲ್ಲ, ನೀರಿನ ಜೊತೆ ಪೈಪಿಗೆ ನುಗ್ಗುವ ಗಾಳಿಯಿಂದ. ಆ ಗಾಳಿಗೆ ಬೇರೆ ದಾರಿ ಕೊಡ್ಬೇಕು, ಇಲ್ಲಾಂದ್ರೆ ಒಳಗೇ ಬಿಡ್ಬಾರ್ದು.

ಮೊದ್ಲು ಖರ್ಚಿಲ್ಲದ್ದು ನೋಡಿ. ಇಳಿಯುವ ಪೈಪಿನ ತುದಿ ಸಂಪಿನ ನೀರಲ್ಲಿ ಎಷ್ಟು ಮುಳುಗಿದೆ? (ಸಂಪ್ ಅಂದ್ರೆ ಅಂಗಳದ್ದಲ್ಲ, ಟ್ಯಾಂಕಿನ ಅಡಿಯದ್ದು, ನಮ್ಮ ಪ್ಲಂಬರಿಗೆ ಇದನ್ನು ಹೇಳಿ ಅರ್ಥ ಮಾಡಿಸ್ಲಿಕ್ಕೆ ಹತ್ತು ನಿಮಿಷ ಹೋಯ್ತು.) ಒಂದು ಇಂಚು ಮುಳುಗಿದ್ರೆ ಸಾಕು, ಆಳಕ್ಕೆ ಹೋದ್ರೆ ಗಾಳಿ ಹೊರಗೆ ಬರ್ಲಿಕ್ಕಾಗದೆ ತೇಗಿದ ಹಾಗೆ ಆಗ್ತದೆ. ಮತ್ತೆ ಪಂಪು. ನಾಲ್ಕಡಿ ಉದ್ದ, ಒಂದೂವರೆ ಅಗಲ, ಒಂದೂವರೆ ಎತ್ತರ ಆದ್ರೆ ಸುಮಾರು 255 ಲೀಟರ್, ಗಂಟೆಗೆ ಅದರ ನಾಲ್ಕೈದು ಪಟ್ಟು ನೀರು ತಿರುಗಿದ್ರೆ ಧಾರಾಳ. ನಾನು 3000 ಲೀಟರಿನ ಪಂಪ್ ಇಟ್ಟು ಶಬ್ದ ಯಾಕೆ ಅಂತ ತಲೆ ಕೆರ್ಕೊಳ್ತಿದ್ದೆ.

ಅಷ್ಟಕ್ಕೂ ಹೋಗದಿದ್ರೆ ಡರ್ಸೊ ಪೈಪ್ ಮಾಡಿ. ನಿಂತ ಪೈಪಿನ ತಲೆಗೆ ಒಂದು ಟೀ (ಮೂರು ಬಾಯಿಯ ಜಾಯಿಂಟ್), ಅದರ ಪಕ್ಕದ ಬಾಯಿಗೆ ಎಲ್ಬೋ ಹಾಕಿ ಕೆಳಮುಖ ಮಾಡಿ ನೀರೊಳಗೆ ಮುಳುಗಿಸ್ಬೇಕು, ಟೀಯ ಮೇಲ್ಬಾಯಿಗೆ ಎಂಡ್ ಕ್ಯಾಪ್, ಕ್ಯಾಪಿಗೆ ಸಣ್ಣ ತೂತು ಕೊರೆದು ಏರ್ ಪಂಪಿನ ನಳಿಗೆ, ಅದಕ್ಕೊಂದು ಪುಟ್ಟ ಏರ್ ವಾಲ್ವ್. ಗಾಳಿ ತೀರಾ ಕಮ್ಮಿ ಆದ್ರೆ ಫ್ಲಶ್ ಮಾಡಿದ ಹಾಗೆ ಒಮ್ಮೆಲೇ ಎಳೀತದೆ, ಪುನಃ ತುಂಬ್ತದೆ, ಪುನಃ ಎಳೀತದೆ. ಜಾಸ್ತಿ ಆದ್ರೆ ಗೊಳಗೊಳ. ಮಧ್ಯದಲ್ಲಿ ಒಂದು ಜಾಗ ಸಿಗ್ತದೆ, ನಿಧಾನ ತಿರುಗಿಸಿ ಹುಡುಕ್ಬೇಕು. ಕ್ಯಾಪನ್ನು ಅಂಟಿಸ್ಬೇಡಿ, ಕ್ಲೀನ್ ಮಾಡ್ಲಿಕ್ಕೆ ತೆಗೀಬೇಕಾಗ್ತದೆ.

ಇದ್ರಲ್ಲಿ ಮುಕ್ಕಾಲು ಶಬ್ದ ಹೋಗ್ತದೆ, ಪೂರ್ತಿ ಹೋಗ್ಲಿಕ್ಕಿಲ್ಲ. ಟ್ಯಾಂಕ್ ಇರುವ ಹಾಲಲ್ಲೇ ಮಲಗುವವ್ರಾದ್ರೆ ಹರ್ಬಿ ಪದ್ಧತಿಯೇ ಬೇಕು, ನಾನು ಕೊನೆಗೆ ಅದಕ್ಕೇ ಬಂದದ್ದು. ಪಂಪಿನ ಪೈಪನ್ನು ತೂತಿಂದ ತೆಗೆದು ಟ್ಯಾಂಕಿನ ಹಿಂದಿನ ಅಂಚಿನ ಮೇಲಿಂದ ತನ್ನಿ. ಆಗ ಇಳಿಯುವ ಪೈಪು ಎರಡಾಯ್ತು. ಒಂದು ಗಿಡ್ಡ, ಸದಾ ಮುಳುಗಿರ್ಬೇಕು, ಅದರ ಕೆಳಭಾಗದಲ್ಲಿ ವಾಲ್ವ್. ಇನ್ನೊಂದು ಅದಕ್ಕಿಂತ ಎತ್ತರ, ಮೊದಲನೆಯದ್ದು ಕಟ್ಟಿದ್ರೆ ನೀರು ಹೋಗ್ಲಿಕ್ಕೆ, ಅದಕ್ಕೆ ವಾಲ್ವೂ ಬೇಡ ಎಂತದ್ದೂ ಬೇಡ. ವಾಲ್ವನ್ನು ಕೂದಲೆಳೆಯಷ್ಟೇ ಮುಚ್ಚುತ್ತಾ ಬನ್ನಿ, ಬಾಕ್ಸಿನ ನೀರು ಗಿಡ್ಡ ಪೈಪಿನ ಬಾಯಿಂದ ಎರಡು ಇಂಚು ಮೇಲೆ ಬಂದು ನಿಂತ್ರೆ ಗಾಳಿ ಒಳಗೆ ಹೋಗುದಿಲ್ಲ, ಪೈಪು ತುಂಬಾ ಬರೀ ನೀರು, ಶಬ್ದವೇ ಇಲ್ಲ. ಇದಕ್ಕೆ ಬಾಲ್ ವಾಲ್ವ್ ಆಗುದಿಲ್ಲ, ಕಾಲು ಸುತ್ತಿಗೇ ಪೂರ್ತಿ ಮುಚ್ಚುತ್ತದೆ. ಚಕ್ರದ ಗೇಟ್ ವಾಲ್ವ್ ಬೇಕು. ಅಂಗಡಿಯಲ್ಲಿ ಕೇಳಿದ್ರೆ ಹಿತ್ತಾಳೆದ್ದು ಕೊಡ್ತಾರೆ, ತರ್ಬೇಡಿ, ಅದ್ರಲ್ಲಿ ತಾಮ್ರ ಇರ್ತದೆ, ಸಿಗಡಿ ಬಸವನಹುಳುಗಳಿಗೆಲ್ಲ ಅದು ವಿಷ. ನಾನು ಪಿವಿಸಿದ್ದು ಆನ್‌ಲೈನಲ್ಲೇ ತರಿಸಿದ್ದು. ಎರಡೂ ಪೈಪಿನ ಬಾಯಿಗೆ ಜಾಲರಿ ಮರೀಬೇಡಿ.

ಎಲ್ಲ ಆದ್ಮೇಲೆ ಪಂಪ್ ಆಫ್ ಮಾಡಿ ನೋಡಿ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋಗುದು ಹೊಸತಲ್ಲ, ಹೋದಾಗ ಮೇಲಿನ ನೀರು ಸಂಪಿಗೆ ಇಳೀತದೆ, ಅಂಚಿನ ಮೇಲಿಂದ ಬಂದ ಪೈಪು ಆಳಕ್ಕೆ ಮುಳುಗಿದ್ರೆ ಅದೂ ಹಿಂದಕ್ಕೆ ಎಳೀತದೆ, ಹಾಗಾಗಿ ಅದಕ್ಕೆ ನೀರಿನ ಮಟ್ಟದ ಸ್ವಲ್ಪ ಕೆಳಗೆ ಒಂದು ತೂತು ಕೊರೀರಿ. ಸಂಪ್ ತುಂಬಿ ಹೊರಗೆ ಹೋಗದಿದ್ರೆ ಪಂಪ್ ಪುನಃ ಆನ್ ಮಾಡಿ, ಆಗ ಸಂಪಲ್ಲಿ ನೀರು ನಿಂತ ಮಟ್ಟಕ್ಕೆ ಮಾರ್ಕರಲ್ಲಿ ಗೆರೆ ಹಾಕಿ, ಮುಂದೆ ನೀರು ತುಂಬಿಸುವಾಗ ಆ ಗೆರೆ ದಾಟಿಸ್ಬೇಡಿ.