ಪ್ರತಿಕ್ರಿಯೆ: ಟಿಬಿಲಿಸಿಯಲ್ಲಿ ಸಸ್ಯಾಹಾರ, ಕಿತ್ತಳೆ ಬಣ್ಣದ ವೈನ್

ಮೊಟ್ಟೆಯನ್ನೂ ಮುಟ್ಟದ ಅಪ್ಪ-ಅಮ್ಮನ ಜೊತೆ ಜಾರ್ಜಿಯಾ ದೇಶಕ್ಕೆ (ರಾಜಧಾನಿ ಟಿಬಿಲಿಸಿ) ಹೋದರೆ ಊಟಕ್ಕೆ ಪರದಾಡಬೇಕಾ ಅಂತ ಕೇಳಿದ್ದೀರಿ. ಖಂಡಿತ ಇಲ್ಲ. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರಿಗೆ ವ್ರತದ ದಿನಗಳು ಬಹಳ. ಆಗ ಮಾಂಸ, ಮೊಟ್ಟೆ, ಹಾಲು ಮೂರೂ ವರ್ಜ್ಯ. ಹೋಟೆಲಿನಲ್ಲಿ ‘ಸಮಾರ್ಖ್ವೊ’ ಅಂತ ಕೇಳಿ, ವ್ರತದ ಅಡುಗೆ ತೋರಿಸುತ್ತಾರೆ. ಮೀನೂ ಬೇಡ ಅಂತ ಸೇರಿಸಿ ಹೇಳಿ.

ಮಣ್ಣಿನ ಕುಡಿಕೆಯಲ್ಲಿ ಬರುವ ಲೋಬಿಯೊ ಅಂದರೆ ರಾಜ್ಮಾ. ಜೊತೆಗೆ ಮುಸುಕಿನ ಜೋಳದ ದಪ್ಪ ರೊಟ್ಟಿ. ಇನ್ನು ಬದ್ರಿಜಾನಿ: ಬದನೆಕಾಯಿಯನ್ನು ಉದ್ದುದ್ದ ಹೆಚ್ಚಿ ಕರಿದು, ಬೆಳ್ಳುಳ್ಳಿ ಹಾಕಿ ಅರೆದ ಅಕ್ರೋಟು ಸವರಿ ಮಡಚಿ, ಮೇಲೆ ದಾಳಿಂಬೆ ಕಾಳು ಉದುರಿಸಿರುತ್ತಾರೆ. ನನ್ನ ಮಟ್ಟಿಗೆ ಇಡೀ ಮೆನುವಿನಲ್ಲಿ ಅದಕ್ಕೇ ಮೊದಲ ಸ್ಥಾನ.

ಎಚ್ಚರ ಬೇಕಿರುವುದು ಖಚಾಪುರಿಯಲ್ಲಿ, ಅಂದರೆ ಚೀಸ್ ಹಾಕಿದ ರೊಟ್ಟಿಯಲ್ಲಿ. ದೋಣಿಯಾಕಾರದ ಅಜಾರುಲಿ ಮೇಲೆ ಮೊಟ್ಟೆ ಒಡೆದು ಹಾಕಿರುತ್ತಾರೆ. ದುಂಡಗಿನ ಇಮೆರುಲಿಯಲ್ಲಿ ಕಾಣುವುದು ಚೀಸ್ ಮಾತ್ರ, ಆದರೆ ಕೆಲವರು ಹೂರಣಕ್ಕೂ ಮೊಟ್ಟೆ ಬೆರೆಸುತ್ತಾರೆ, ಕೇಳಿಯೇ ತರಿಸಿ. ಅಣಬೆ ತುಂಬಿದ ಖಿಂಕಾಲಿ (ನೀರಲ್ಲಿ ಬೇಯಿಸಿದ ಕಡುಬು) ಸಿಗುತ್ತದೆ, ಮಾಂಸದ್ದನ್ನು ಬೇಯಿಸಿದ ನೀರಲ್ಲೇ ಬೇಯಿಸಿದ್ದರೆ ಅಮ್ಮನಿಗೆ ಕಷ್ಟವಾದೀತು.

ಅಲ್ಲಿನ ಕಿತ್ತಳೆ ಬಣ್ಣದ ವೈನ್ ಕೆಟ್ಟುಹೋಗಿದ್ದಾ ಅಂತಲೂ ಕೇಳಿದ್ದೀರಿ. ಇಲ್ಲ, ಮಾಡುವುದೇ ಹಾಗೆ. ಪೂರ್ವ ಜಾರ್ಜಿಯಾದ ಕಾಖೆತಿ ಪ್ರಾಂತ್ಯದಲ್ಲಿ ರ್ಕತ್ಸಿತೆಲಿಯಂಥ ಬಿಳಿ ದ್ರಾಕ್ಷಿಯ ರಸವನ್ನು ಸಿಪ್ಪೆ, ಬೀಜ, ಎಷ್ಟೋ ಸಲ ತೊಟ್ಟಿನ ಸಮೇತ ಕ್ವೆವ್ರಿಗೆ ಹಾಕುತ್ತಾರೆ. ಅದು ಕತ್ತಿನವರೆಗೆ ನೆಲದಲ್ಲಿ ಹೂತ ದೊಡ್ಡ ಮಣ್ಣಿನ ಹಂಡೆ. ಐದಾರು ತಿಂಗಳು ಸಿಪ್ಪೆಯ ಜೊತೆಗೇ ಇದ್ದರೆ ಬಣ್ಣವೂ ಬರುತ್ತದೆ, ಚಹಾದಂಥ ಒಗರೂ ಬರುತ್ತದೆ. ಈ ವಿಧಾನವನ್ನು ಯುನೆಸ್ಕೊ 2013ರಲ್ಲಿ ತನ್ನ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ತೀರಾ ತಣ್ಣಗೆ ಮಾಡಿ ಕುಡಿಯಬೇಡಿ, ಬರೀ ಒಗರೇ ನಾಲಿಗೆಗೆ ಹತ್ತುತ್ತದೆ. ಆ ಬದನೆಕಾಯಿಗೆ ಒಳ್ಳೆ ಜೋಡಿ.