ತಿರುವಿನಲ್ಲಿ ನಿಲ್ಲುವವರು ಯಾರು?

ತುಮಕೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬರ ಪತ್ರ: 'ಅಮೆರಿಕದ ಪೈಕ್ಸ್ ಪೀಕ್, ಇಂಗ್ಲೆಂಡಿನ ಗುಡ್‌ವುಡ್‌ಗಳಲ್ಲಿ ಪ್ರತಿವರ್ಷ ಬೆಟ್ಟ ಏರುವ ಕಾರ್ ಸ್ಪರ್ಧೆ ನಡೆಯುತ್ತದೆ. ಜಗತ್ತೇ ಅಲ್ಲಿಗೆ ನೆರೆಯುತ್ತದೆ. ನಮ್ಮ ದೇವರಾಯನದುರ್ಗದ ರಸ್ತೆ ಯಾವುದಕ್ಕೆ ಕಡಿಮೆ? ಸರ್ಕಾರ ಹತ್ತು ಕೋಟಿ ಕೊಟ್ಟು ಅದ್ದೂರಿ ಉತ್ಸವ ಮಾಡಿದರೆ ಊರೂ ಬೆಳೆಯುತ್ತದೆ, ಹೆದ್ದಾರಿಯಲ್ಲಿ ವ್ಹೀಲಿ ಮಾಡುವ ಹುಡುಗರಿಗೂ ಒಂದು ದಾರಿಯಾಗುತ್ತದೆ. ನೀವೇಕೆ ಈ ಬಗ್ಗೆ ಬರೆಯುವುದಿಲ್ಲ?'

ಉತ್ತರ: ಇಗೋ, ಬರೆಯುತ್ತಿದ್ದೇನೆ. ವ್ಹೀಲಿ ಹುಡುಗರ ಬಗ್ಗೆ ನಿಮಗಿರುವ ಕಾಳಜಿ ಮೆಚ್ಚತಕ್ಕದ್ದು. ಪ್ರವಾಸಿಗರು ಬಂದರೆ ಇಡ್ಲಿ ಹೋಟೆಲಿನವನಿಗೂ ನಾಲ್ಕು ಕಾಸು ಸಿಗುತ್ತದೆ, ಒಪ್ಪಿದೆ. ಆದರೆ ಆ ಹತ್ತು ಕೋಟಿಯ ಮಾತು ಬಂತಲ್ಲ, ಅಲ್ಲಿಗೆ ನನ್ನ ತಲೆ ಬಿಸಿಯಾಯಿತು.

ನೀವು ಹೆಸರಿಸಿದ ಎರಡೂ ಸ್ಪರ್ಧೆಗಳನ್ನು ಬಿಟ್ಟು ಮೂರನೆಯದೊಂದನ್ನು ನೋಡಿ. ಇಂಗ್ಲೆಂಡಿನ ವೂಸ್ಟರ್‌ಶೈರ್‌ನಲ್ಲಿ ಶೆಲ್ಸ್ಲಿ ವಾಲ್ಷ್ ಎಂಬ ಪುಟ್ಟ ಗುಡ್ಡವಿದೆ. 1905ರಲ್ಲಿ ಮಿಡ್‌ಲ್ಯಾಂಡ್ ಆಟೊಮೊಬೈಲ್ ಕ್ಲಬ್ಬಿನ ಸದಸ್ಯರು ಅಲ್ಲಿ ಕಾರು ಹತ್ತಿಸಲು ಆರಂಭಿಸಿದರು. ದಾರಿ ಒಂದು ಸಾವಿರ ಗಜ, ಅಂದರೆ ಒಂದು ಕಿಲೋಮೀಟರೂ ಇಲ್ಲ. ಒಂದು ಸಲಕ್ಕೆ ಒಂದೇ ಕಾರು. ನಿಂತಲ್ಲಿಂದ ಹೊರಟು ಗಡಿಯಾರದೊಡನೆ ಸೆಣಸಬೇಕು. ಮೊದಲ ವರ್ಷ ಗೆದ್ದ ಡೈಮ್ಲರ್ ಕಾರಿಗೆ 77 ಸೆಕೆಂಡುಗಳಿಗೂ ಹೆಚ್ಚು ಬೇಕಾಯಿತು, ಈಗಿನ ದಾಖಲೆ 23ಕ್ಕೂ ಕಡಿಮೆ. ಗುಡ್ಡ ಅದೇ, ದಾರಿ ಅದೇ, ಕ್ಲಬ್ಬೂ ಅದೇ. ಇದನ್ನು ನಾನು ಬೆಳವಣಿಗೆ ಎನ್ನುತ್ತೇನೆ.

ಗುಡ್‌ವುಡ್‌ನ ಕಥೆಯೂ ನೀವು ತಿಳಿದಂತಿಲ್ಲ. ಅಲ್ಲಿನ ಜಹಗೀರುದಾರರಿಗೆ ಮುಚ್ಚಿಹೋಗಿದ್ದ ತಮ್ಮ ರೇಸ್ ಟ್ರ್ಯಾಕನ್ನು ಮತ್ತೆ ತೆರೆಯುವ ಆಸೆಯಿತ್ತು, ಅನುಮತಿ ಸಿಗಲಿಲ್ಲ. 1993ರಲ್ಲಿ ತಮ್ಮ ಮನೆಯಂಗಳದ ರಸ್ತೆಯಲ್ಲೇ ಕಾರು ಓಡಿಸಿದರು. ಕೆಲವೇ ಸಾವಿರ ಜನ ಬಂದಾರು ಎಂದುಕೊಂಡಲ್ಲಿಗೆ ಸುಮಾರು 25 ಸಾವಿರ ಮಂದಿ ಬಂದರು. ಮುಂದೆ ಜನ ಹೆಚ್ಚಿದಾಗ ಟಿಕೆಟ್‌ಗೆ ಮಿತಿ ಹಾಕಿದರು. 1999ರಲ್ಲಿ ಫಾರ್ಮುಲಾ ಒನ್ ಕಾರೊಂದು 41.6 ಸೆಕೆಂಡುಗಳಲ್ಲಿ ಮೇಲೇರಿದ ಮೇಲೆ, ಅಪಾಯವೆಂದು ಆ ಕಾರುಗಳ ಓಟಕ್ಕೆ ಸಮಯ ಅಳೆಯುವುದನ್ನೇ ಬಿಟ್ಟರು. ಮರುವರ್ಷವೇ ಇನ್ನೊಂದು ಕಾರು ದಾರಿ ತಪ್ಪಿ ಚಾಲಕನ ಜೊತೆ ಒಬ್ಬ ಮಾರ್ಷಲ್, ಅಂದರೆ ದಾರಿಬದಿಯಲ್ಲಿ ನಿಂತು ಓಟ ಕಾಯುವವ, ಕೂಡ ಸತ್ತ. ಆತ ಸ್ವಯಂಸೇವಕ. ಪೈಕ್ಸ್ ಪೀಕ್‌ನಲ್ಲಿ 156 ತಿರುವುಗಳು, ಶಿಖರ 4,302 ಮೀಟರ್ ಎತ್ತರ. 1916ರಿಂದ ನಡೆಯುತ್ತಿರುವ ಆ ಸ್ಪರ್ಧೆಯಲ್ಲಿ 2019ರಲ್ಲಿ ಬೈಕ್ ಸವಾರನೊಬ್ಬ ಗುರಿಯ ಸಮೀಪದಲ್ಲೇ ತೀರಿಕೊಂಡ ಮೇಲೆ ಬೈಕ್ ವಿಭಾಗವನ್ನೇ ಕೈಬಿಟ್ಟರು. ಅದಕ್ಕೂ ಎಷ್ಟೋ ಮೊದಲು, ರಸ್ತೆಯ ಜಲ್ಲಿ ಮಣ್ಣು ಹಳ್ಳಕೊಳ್ಳ ಸೇರುತ್ತದೆಂದು ಪರಿಸರ ಸಂಘಟನೆಯೊಂದು ನ್ಯಾಯಾಲಯಕ್ಕೆ ಹೋಗಿತ್ತು. ಡಾಂಬರು ಬಿದ್ದದ್ದು ಆ ಮೇಲೆ. ನಮ್ಮ ದುರ್ಗವೂ ಮೀಸಲು ಅರಣ್ಯ, ಜಯಮಂಗಲಿ ಹುಟ್ಟುವ ಜಾಗ. ನಿಮ್ಮ ಪತ್ರದಲ್ಲಿ ಆ ನದಿಯ ಹೆಸರೇ ಇಲ್ಲ.

ನಮ್ಮಲ್ಲಿ ಏನೂ ಇಲ್ಲವೆಂಬಂತೆ ಬರೆದಿದ್ದೀರಿ. ಬೆಂಗಳೂರಿನ ಕ್ಲಬ್ಬೊಂದು 1970ರ ದಶಕದಿಂದ ಕೆ-1000 ಎಂಬ ಕಾರ್ ರ್‍ಯಾಲಿ ನಡೆಸುತ್ತಿದೆ. ಇತ್ತೀಚಿನ ವರ್ಷಗಳಲ್ಲಿ ಅದು ನಿಮ್ಮ ತುಮಕೂರಿನ ಸುತ್ತಲಿನ ಮಣ್ಣುದಾರಿಗಳಿಗೇ ಬಂದಿದೆ. ಅಂಥದೊಂದು ರ್‍ಯಾಲಿಗೆ ನಾನು ಹೋಗಿದ್ದೆ. ಹುಣಸೆಮರದ ಪಕ್ಕದ ತಿರುವಿನಲ್ಲಿ ಒಬ್ಬ ಹುಡುಗ ಕೆಂಪು ಬಾವುಟ ಹಿಡಿದು ನಿಂತಿದ್ದ. ಹುಬ್ಬಿನ ಮೇಲೆಲ್ಲ ಕೆಮ್ಮಣ್ಣು. ಕುರಿ ಹಿಂಡು ಹೊಡೆದುಕೊಂಡು ಬಂದ ಮುದುಕಪ್ಪ, 'ಏನಯ್ಯಾ, ನಮ್ಮ ದಾರಿಗೆ ನಿನ್ನ ಅಪ್ಪಣೆ ಬೇಕೇ?' ಎಂದು ದಬಾಯಿಸಿದ. ಹುಡುಗ ಎದುರಾಡಲಿಲ್ಲ. 'ಒಂದು ನಿಮಿಷ ತಾತ' ಎಂದು ವೈರ್‌ಲೆಸ್‌ನಲ್ಲಿ ಹೇಳಿ ಮುಂದಿನ ಕಾರನ್ನು ನಿಲ್ಲಿಸಿದ, ಬಾವುಟವನ್ನು ಕಂಕುಳಲ್ಲಿ ಇರುಕಿಕೊಂಡು ಕುರಿಗಳನ್ನು ತಾನೇ ದಾಟಿಸಿದ, ಹಿಂದುಳಿದ ಮರಿಯೊಂದನ್ನು ಎತ್ತಿ ತಾತನ ಕೈಗಿತ್ತ. ಲೋಟದ ಟೀ ಆರಿಹೋಗಿತ್ತು. ಗೆದ್ದವರು ಯಾರೆಂದು ನನಗೆ ಮರೆತಿದೆ.

ಅದೇ ಸುಮಾರಿಗೆ ಒಂದು ಜಿಲ್ಲಾ ಉತ್ಸವದ ಓಟದ ಸ್ಪರ್ಧೆಗೂ ಹೋಗಿದ್ದೆ, ಊರು ಬೇಡ. ಓಡಬೇಕಾದ ಮಕ್ಕಳು ಬಿಸಿಲಲ್ಲಿ ಬಾಡುತ್ತಿದ್ದರು, ವೇದಿಕೆಯಲ್ಲಿ ಶಾಲು ಹೊದಿಸುವುದೇ ಮುಗಿಯಲಿಲ್ಲ. ಹತ್ತು ಕೋಟಿ ಬಂದರೆ ಆಗುವುದು ಇಷ್ಟೇ: ಬೆಟ್ಟದ ಬುಡದಲ್ಲಿ ಮಹಾದ್ವಾರ, ಮಹಾದ್ವಾರದ ತುಂಬ ಮುಖಗಳು, ಮೊದಲ ವರ್ಷ ಜಾತ್ರೆ, ಎರಡನೆಯ ವರ್ಷ ಅನುದಾನಕ್ಕೆ ಅರ್ಜಿ, ಮೂರನೆಯ ವರ್ಷ ಲೆಕ್ಕಪರಿಶೋಧನೆ. ಅದೇ ಬೆಟ್ಟದಲ್ಲಿ ಫಾಲ್ಗುಣದಲ್ಲಿ ಭೋಗನರಸಿಂಹನ ತೇರು ಎಳೆಯುತ್ತಾರಲ್ಲ, ಅಲ್ಲಿ ಚಕ್ರದಡಿ ಮರದ ತುಂಡು ಕೊಟ್ಟು ತೇರು ತಿರುಗಿಸುವವರನ್ನು ನೋಡಿದ್ದೀರಾ? ಆ ಕೆಲಸ ಅವರಿಗೆ ಟೆಂಡರ್ ಕರೆದು ಬಂದದ್ದಲ್ಲ. ನಮ್ಮ ಊರುಗಳಲ್ಲಿ ನಾಟಕ ಸಂಘ, ಗರಡಿಮನೆ, ವಾಚನಾಲಯ ಎಲ್ಲವೂ ಹೀಗೆಯೇ ನಡೆದಿದ್ದವು. ಈಗ ಸಂಘ ಕಟ್ಟುವ ಮೊದಲೇ ಲೆಟರ್‌ಹೆಡ್ ಅಚ್ಚಾಗುತ್ತದೆ, ಅದರ ಮೊದಲ ಹಾಳೆ ಮನವಿಪತ್ರವಾಗುತ್ತದೆ.

ಅದಕ್ಕೇ ಹೇಳುತ್ತೇನೆ, ಸಿಟ್ಟಾಗಬೇಡಿ. ಮುಂದಿನ ರ್‍ಯಾಲಿ ನಿಮ್ಮ ಕಡೆ ಬಂದಾಗ ಸಂಘಟಕರನ್ನು ಕಂಡು ಮಾರ್ಷಲ್ ಕೆಲಸಕ್ಕೆ ಹೆಸರು ಕೊಡಿ. ವ್ಹೀಲಿ ಹುಡುಗರಲ್ಲಿ ಇಬ್ಬರನ್ನಾದರೂ ಜೊತೆಗೆ ಕರೆದೊಯ್ಯಿರಿ, ತಲೆಗೆ ಟೋಪಿಯಿರಲಿ. ಬಂದ ಮೇಲೆ ಎರಡು ಪುಟ ಬರೆದು ಕಳುಹಿಸಿ, ಅಚ್ಚು ಹಾಕುತ್ತೇನೆ. ಗೆದ್ದವರ ಫೋಟೊ ಬೇಡ.

— ಸಂಪಾದಕ